ಹತ್ತಿರದ ಕಣ್ಣು

ನಮ್ಮ ಮನೆಯಲ್ಲಿ ನನ್ನ ಕನ್ನಡಕಕ್ಕೆ ಸೋಡಾ ಬಾಟ್ಲಿ ಎಂದು ಹೆಸರು. ಇಟ್ಟವರು ನನ್ನ ಅತ್ತೆ. ನಾನು ಮದುವೆಯಾಗಿ ಬಂದ ವಾರದಲ್ಲೇ ಇಟ್ಟರು. ಅವರು ಲಿಂಗೈಕ್ಯರಾಗಿ ಎಷ್ಟೋ ಕಾಲವಾದರೂ ಹೆಸರು ಮಾತ್ರ ಗಟ್ಟಿಯಾಗಿ ಉಳಿದುಕೊಂಡಿತು. ಸೋಡಾ ಬಾಟ್ಲಿ ಎಲ್ಲಿ ಹೋಯಿತು ಎಂದು ಯಾರಾದರೂ ಕೂಗಿದರೆ ಕನ್ನಡಕವನ್ನು ಹುಡುಕುತ್ತಿದ್ದಾರೋ ನನ್ನನ್ನು ಹುಡುಕುತ್ತಿದ್ದಾರೋ ಎಂದು ನಾನೇ ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು. ಮೈನಸ್ ಹದಿನಾಲ್ಕು ಎಂದರೆ ಏನೆಂದು ಕಣ್ಣು ಚೆನ್ನಾಗಿರುವವರಿಗೆ ಹೇಳಿ ಪ್ರಯೋಜನವಿಲ್ಲ. ಆದರೂ ಹೇಳುತ್ತೇನೆ. ಕನ್ನಡಕ ತೆಗೆದರೆ ನನಗೆ ಎದುರು ನಿಂತ ಗಂಡನಿಗೂ ಗೂಟಕ್ಕೆ ನೇತುಹಾಕಿದ ಅವರ ಅಂಗಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮಾತಾಡಿದರೆ ಗಂಡ, ಸುಮ್ಮನಿದ್ದರೆ ಅಂಗಿ. ಅಂಗಿಯೇ ವಾಸಿ ಎನಿಸಿದ ದಿನಗಳೂ ಇವೆ.

ನನ್ನನ್ನು ನೋಡಲು ಬಂದ ದಿನ ತವರಿನಲ್ಲಿ ನನ್ನ ತಾಯಿ ಕನ್ನಡಕ ಕಸಿದುಕೊಂಡು ಚಾಪೆಯ ಮೇಲೆ ಕೂರಿಸಿದ್ದರು. ಎದುರಿಗೆ ಐದಾರು ಬಿಳಿ ಮಬ್ಬುಗಳು ಕೂತಿದ್ದವು. ಅದರಲ್ಲಿ ವರ ಯಾರು, ವರನ ಚಿಕ್ಕಪ್ಪ ಯಾರು ಎಂದು ಗೊತ್ತಾಗದೆ ಎಲ್ಲರಿಗೂ ಸಮನಾಗಿ ನಾಚಿಕೊಂಡೆ. ಮದುವೆಯಾದ ಮೇಲೆ ಕನ್ನಡಕ ಹೊರಗೆ ಬಂತು, ಅತ್ತೆಯ ಬಾಯಿಯೂ ಹೊರಗೆ ಬಂತು. ನಮ್ಮದು ದಾವಣಗೆರೆಯ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡ ಮನೆತನ. ಅತ್ತೆಗೆ ಎಲ್ಲವೂ ಬಟ್ಟೆಯ ಭಾಷೆಯಲ್ಲೇ ಹೊಳೆಯುತ್ತಿತ್ತು. ತೋರಿಸಿದ ಪೀಸೇ ಬೇರೆ, ಕಟ್ಟಿಕೊಟ್ಟ ಪೀಸೇ ಬೇರೆ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅವರು ಹೇಳಿದ್ದು ಸುಳ್ಳೇನೂ ಅಲ್ಲ. ಅದಕ್ಕೇ ಅಷ್ಟು ಉರಿಯುತ್ತಿತ್ತು.

ಆದರೆ ಅಂಥ ಕಣ್ಣಿಗೂ ದೇವರು ಒಂದು ಸೌಭಾಗ್ಯ ಕೊಟ್ಟಿದ್ದ. ಮುಖದ ಹತ್ತಿರಕ್ಕೆ, ಮೂಗು ತಾಗುವಷ್ಟು ಹತ್ತಿರಕ್ಕೆ ತಂದದ್ದೆಲ್ಲ ನನಗೆ ಬರಿಗಣ್ಣಿನಲ್ಲಿ ಕಾಣುತ್ತಿತ್ತು. ಬರೀ ಕಾಣುವುದಲ್ಲ, ಬೇರೆ ಯಾರಿಗೂ ಕಾಣದಷ್ಟು ಕಾಣುತ್ತಿತ್ತು. ರೇಷ್ಮೆಯ ಎಳೆಯಲ್ಲಿ ಎಲ್ಲಿ ಗಂಟು ಬಿದ್ದಿದೆ, ಅಕ್ಕಿಯ ಹುಳದ ಕಾಲು ಯಾವುದು, ಎಲ್ಲ. ಬೆಳಿಗ್ಗೆ ಮಿಂದು ವಿಭೂತಿ ಧರಿಸಿ ಮಣೆಯ ಮೇಲೆ ಕೂತು ಕನ್ನಡಕ ತೆಗೆದು ಪಕ್ಕಕ್ಕಿಡುತ್ತಿದ್ದೆ. ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು ಕಣ್ಣಿನ ಹತ್ತಿರಕ್ಕೆ ಹಿಡಿಯುತ್ತಿದ್ದೆ. ಅಷ್ಟು ಹೊತ್ತು ಗಂಡ, ಅತ್ತೆ, ಅಂಗಡಿ, ನಮ್ಮ ಮನೆಯಿರುವ ನಿಜಲಿಂಗಪ್ಪ ಬಡಾವಣೆ ಎಲ್ಲ ಮಬ್ಬಾಗಿ ಅಳಿಸಿ ಹೋಗುತ್ತಿತ್ತು. ಉಳಿದದ್ದು ಅಂಗೈ ಒಂದೇ. ಕಪ್ಪು ಲಿಂಗದ ಮೈಮೇಲೆ ದೀಪದ ಒಂದು ಚುಕ್ಕಿ ಬೆಳಕು, ಅದರ ಕೆಳಗೆ ಕೂದಲೆಳೆಯಂಥ ಒಂದು ಗೀರು. ಆ ಗೀರು ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಪೂಜೆ ಮಾಡ್ತಿಯೋ ಮೂಸಿ ನೋಡ್ತಿಯೋ ಎಂದು ಅತ್ತೆ ಅಣಕಿಸುತ್ತಿದ್ದರು. ಅಣಕಿಸಲಿ ಎಂದುಕೊಳ್ಳುತ್ತಿದ್ದೆ. ನಾನೇನು ದೊಡ್ಡ ಭಕ್ತೆಯಲ್ಲ. ಇಡೀ ದಿನದಲ್ಲಿ ಗಾಜಿಲ್ಲದೆ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಅದೊಂದೇ, ಅದಕ್ಕಾಗಿ ಕೂರುತ್ತಿದ್ದೆ.

ಮಗಳಿಗೂ ನನ್ನ ಕಣ್ಣೇ ಬಂತು. ಶಾಲೆಗೆ ಹೋಗುವಾಗಲೇ ಕನ್ನಡಕ. ದೊಡ್ಡವಳಾದ ಮೇಲೆ, ಗಂಡು ಹುಡುಕುವ ಮೊದಲೇ, ಅವಳಪ್ಪ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಲೇಸರ್ ಮಾಡಿಸಿಕೊಂಡು ಬಂದರು. ಅವಳ ಹಳೆಯ ಫೋಟೋಗಳಲ್ಲಿ ಕನ್ನಡಕ ಇದ್ದವನ್ನೆಲ್ಲ ಆಲ್ಬಮ್ಮಿನಿಂದ ಕಿತ್ತರು. ಇನ್ನು ಮನೆಯಲ್ಲಿ ಸಾಕ್ಷಿಯಾಗಿ ಉಳಿದದ್ದು ನಾನೊಬ್ಬಳೇ. ಸರಸ್ವತಿ ನಗರದಿಂದ ಒಂದು ಗಂಡಿನ ಕಡೆಯವರು ಬಂದರು, ಕೇಸರಿಬಾತು ತಿಂದರು, ಹುಡುಗಿಯನ್ನು ಒಂದು ಸಲ ನೋಡಿದರು, ನನ್ನನ್ನು ನಾಲ್ಕು ಸಲ ನೋಡಿದರು. ತಾಯಿಗೇ ಇಷ್ಟು ದಪ್ಪ ಗಾಜು ಅಂದರೆ ಮುಂದೆ ಹುಟ್ಟುವ ಮಕ್ಕಳ ಗತಿ ಏನು ಎಂದು ಮಧ್ಯಸ್ಥರ ಕೈಲಿ ಹೇಳಿ ಕಳಿಸಿದರು. ಆ ರಾತ್ರಿ ನನ್ನ ಗಂಡ ಊಟ ಮಾಡಲಿಲ್ಲ. ಮಗಳು ಊಟ ಮಾಡಿ, ಕೈ ತೊಳೆದು ಬಂದು, ಹವಾಮಾನ ಹೇಳುವ ಹಾಗೆ ಹೇಳಿದಳು.

"ಅಮ್ಮ, ನೀನು ಹಿಂಗೇ ಇದ್ರೆ ನನ್ ಮದುವೆ ಆಗಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಹೆದರಿಕೆ ಬಂತು. ನನ್ನ ತಾಯಿ ನನ್ನ ಕನ್ನಡಕ ಕಸಿದುಕೊಂಡದ್ದು ನನ್ನ ಮದುವೆಗೆ, ನನ್ನ ಮಗಳು ಕಸಿದುಕೊಳ್ಳಲು ಬಂದದ್ದು ತನ್ನ ಮದುವೆಗೆ. ಕಸಿದುಕೊಳ್ಳುವುದು ನಮ್ಮ ವಂಶದಲ್ಲಿ ಬಂದದ್ದು, ಕಣ್ಣಿನ ಹಾಗೆಯೇ.

ಊರಿನ ಕಣ್ಣಾಸ್ಪತ್ರೆಯಲ್ಲಿ, ನನ್ನ ವಯಸ್ಸಿಗೆ, ಇಷ್ಟು ನಂಬರಿಗೆ ಲೇಸರ್ ಆಗುವುದಿಲ್ಲ ಎಂದರು. ಇನ್ನೊಂದು ದಾರಿ ಇದೆ, ಪೊರೆ ಬಂದವರಿಗೆ ಮಾಡುವ ಹಾಗೆಯೇ ಕಣ್ಣೊಳಗಿನ ಲೆನ್ಸ್ ತೆಗೆದು ಹೊಸದು ಕೂರಿಸುತ್ತೇವೆ, ನಿಮಗೆ ಪೊರೆ ಇಲ್ಲದಿದ್ದರೂ ಮಾಡಬಹುದು, ಕನ್ನಡಕದ ಕಾಟ ತಪ್ಪುತ್ತದೆ ಎಂದರು. ಆಮೇಲೆ ಕೋಟು ಹಾಕಿಕೊಂಡ ಒಬ್ಬ ಹುಡುಗಿ ನಮ್ಮನ್ನು ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಲೆನ್ಸಿನಲ್ಲಿ ಬಗೆಗಳನ್ನು ವಿವರಿಸಿದಳು. ಒಂದು ಬರೀ ದೂರದ್ದು, ಅದನ್ನು ಹಾಕಿಸಿಕೊಂಡರೆ ಹತ್ತಿರಕ್ಕೆ ಕನ್ನಡಕ ಬೇಕು. ಇನ್ನೊಂದು ದೂರ ಹತ್ತಿರ ಎರಡೂ ಕಾಣುವುದು. ದೊಡ್ಡ ಮೈನಸ್ ಇರುವ ಕೆಲವರು ಹತ್ತಿರದ ಅಭ್ಯಾಸ ಬಿಡಲಾರದೆ ಹತ್ತಿರಕ್ಕೇ ಹೊಂದಿಸಿಕೊಂಡು ದೂರಕ್ಕೆ ತೆಳು ಕನ್ನಡಕ ಹಾಕುತ್ತಾರೆ ಎಂದೂ ಹೇಳಿದಳು. ಪಾಪ, ಚೆನ್ನಾಗಿಯೇ ಹೇಳಿದಳು. ಕೇಳಿಸಿಕೊಂಡವರು ನಾವು.

ನನ್ನ ಗಂಡ ಅಂಗಡಿಯಲ್ಲಿ ಪಟ್ಟಾಗಿ ಕೂರುವ ಹಾಗೆ ಕಾಲು ಮಡಚಲು ಹೋಗಿ, ಕುರ್ಚಿ ಎಂದು ನೆನಪಾಗಿ ಬಿಟ್ಟರು.

"ಹತ್ತಿರದ್ದು ಇವಳ ಹತ್ರ ಐತಲ್ರೀ," ಎಂದರು. "ಇರುವೆ ಕಾಲು ಎಣಿಸ್ತಾಳೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಇಲ್ಲದ ಮಾಲು ತರಿಸ್ಬೇಕು, ಇರೋ ಮಾಲು ಮತ್ತ್ಯಾಕೆ ತುಂಬಿಸ್ಬೇಕು? ದೂರದ್ದು ಹಾಕ್ರಿ."

ಹುಡುಗಿ ಮತ್ತೊಮ್ಮೆ ಹೇಳಿದಳು, ಹತ್ತಿರಕ್ಕೆ ಕನ್ನಡಕ ಬೇಕಾಗುತ್ತದೆ ಎಂದು. ಅದು ನಲವತ್ತು ದಾಟಿದ ಎಲ್ಲರಿಗೂ ಬರುವ ಚಾಳೀಸಿನ ಮಾತು, ಇವಳಿಗೆ ಅನ್ವಯಿಸುವುದಿಲ್ಲ ಎಂದು ನನ್ನ ಗಂಡ ತೀರ್ಮಾನ ಮಾಡಿದರು. ಹೇಳಿದರೆ ನೀವು ನಗುತ್ತೀರಿ, ನನಗೂ ಅದೇ ಸರಿ ಎನಿಸಿತು. ಹತ್ತಿರ ಎನ್ನುವುದು ಕಪಾಟಿನಲ್ಲಿ ಇಟ್ಟ ನನ್ನ ಸ್ವಂತ ಸೀರೆ, ದೂರ ಎನ್ನುವುದು ಇನ್ನೊಂದು ಸೀರೆ, ತಂದು ಪಕ್ಕಕ್ಕಿಟ್ಟರೆ ಎರಡಾಗುತ್ತದೆ. ಅಂಗಡಿಯವರ ಮನೆಯಲ್ಲಿ ಅಷ್ಟು ವರ್ಷ ಬಾಳಿದವಳಿಗೆ ಲೆಕ್ಕ ಹಾಗೇ ಬರುತ್ತದೆ. ಹೊಸದನ್ನು ಒಳಗಿಡಲು ಹಳೆಯದನ್ನು ಹೊರಗೆ ಹಾಕುತ್ತಾರೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಆಪರೇಶನ್ನಿನ ದಿನ ನರ್ಸು ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದಳು. ಬಳೆ, ಓಲೆ, ಸರ ತೆಗೆದೆ. ಕರಡಿಗೆ ತೆಗೆಯುವುದಿಲ್ಲ ಎಂದೆ. ಕೊನೆಗೆ ಬೆಳ್ಳಿ ಕರಡಿಗೆ ಬಿಟ್ಟು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊರಳಿಗೇ ಕಟ್ಟಿಕೊಳ್ಳಲು ಬಿಟ್ಟರು. ಕಣ್ಣಿಗೆ ಹನಿ ಹಾಕಿದರು, ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದರು, ರೆಪ್ಪೆ ಮುಚ್ಚದ ಹಾಗೆ ಏನೋ ಸಿಕ್ಕಿಸಿದರು. ನೋವಿರಲಿಲ್ಲ. ಬೆಳಕು ಇತ್ತು, ನೀರು ಹರಿಯುತ್ತಿತ್ತು, ಡಾಕ್ಟರು ಯಾರಿಗೋ ಮಧ್ಯಾಹ್ನದ ಊಟದ ಬಗ್ಗೆ ಹೇಳುತ್ತಿದ್ದರು. ಒಂದು ಕಣ್ಣಾಯಿತು. ಮುಂದಿನ ವಾರ ಇನ್ನೊಂದು.

ಪಟ್ಟಿ ಬಿಚ್ಚಿದಾಗ ಲೋಕ ದೊಡ್ಡದಾಗಿತ್ತು. ಇದು ಅಲಂಕಾರದ ಮಾತಲ್ಲ. ದಪ್ಪ ಗಾಜಿನಲ್ಲಿ ಎಲ್ಲವೂ ಕುಗ್ಗಿ ಕಾಣುತ್ತದೆಯಂತೆ, ಅದು ನನಗೆ ಆವರೆಗೆ ಗೊತ್ತಿರಲಿಲ್ಲ. ಬಾಗಿಲು ದೊಡ್ಡದು, ಬೀದಿ ಅಗಲ, ನನ್ನ ಗಂಡ ನಾನು ಅಂದುಕೊಂಡಿದ್ದಕ್ಕಿಂತ ಬಹಳ ದೊಡ್ಡ ಮನುಷ್ಯ, ಅದರಲ್ಲೂ ಹೊಟ್ಟೆ. ಫ್ಯಾನಿನ ರೆಕ್ಕೆಯ ಮೇಲೆ ಒಂದು ಬೆರಳು ಧೂಳಿತ್ತು. ಬಚ್ಚಲಿನ ಕನ್ನಡಿಯಲ್ಲಿ ನನ್ನ ಮೈ ನನಗೇ ಕಂಡಿತು. ಹುಟ್ಟಿದಾಗಿನಿಂದ ಕುರುಡಿಯ ಹಾಗೆ ತಡಕಾಡಿ ಸ್ನಾನ ಮಾಡಿದವಳು ನಾನು. ಆ ಜೋತ ಹೊಟ್ಟೆ, ಸೀಳು ಬಿದ್ದ ಚರ್ಮ ನೋಡಿ, ತಡಕಾಡಿದ್ದೇ ಒಳ್ಳೆಯದಿತ್ತು ಎನಿಸಿತು. ಮಗಳು ಮಾತ್ರ ಬೆರಗಾಗಿ ನೋಡಿದಳು. ಅಮ್ಮ, ನಿನ್ನ ಕಣ್ಣು ಇಷ್ಟು ದೊಡ್ಡವಾ ಎಂದಳು. ಇಪ್ಪತ್ತೈದು ವರ್ಷದಲ್ಲಿ ಅವಳು ನನ್ನ ಕಣ್ಣು ನೋಡಿದ್ದು ಅದೇ ಮೊದಲು. ನನಗೆ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅವಳು ಕೂಡಲೇ ಫೋನು ತೆಗೆದು, ಮಧ್ಯಸ್ಥರಿಗೆ ಕಳಿಸಬೇಕು ಎಂದು ಫೋಟೋ ಹೊಡೆದಳು.

ತಲೆಗೆ ನೀರು ಹಾಕಿಕೊಳ್ಳಬಹುದು ಎಂದ ದಿನ ಮಣೆಯ ಮೇಲೆ ಕೂತೆ. ಪಕ್ಕಕ್ಕಿಡಲು ಕನ್ನಡಕ ಇರಲಿಲ್ಲ. ಲಿಂಗವನ್ನು ಅಂಗೈಗೆ ತೆಗೆದುಕೊಂಡು ಅಭ್ಯಾಸದಂತೆ ಕಣ್ಣಿನ ಹತ್ತಿರಕ್ಕೆ ತಂದೆ. ಅಂಗೈಯೇ ಇರಲಿಲ್ಲ. ಕಂದು ಬಣ್ಣದ ಒಂದು ಮಂಜು, ಅದರ ನಡುವೆ ಕಪ್ಪನೆಯ ಕಲೆ. ಹನಿ ಹಾಕಿದ ಮಬ್ಬಿರಬೇಕು ಎಂದು ಕಣ್ಣುಜ್ಜಲು ಹೋಗಿ, ಉಜ್ಜಬಾರದು ಎಂದಿದ್ದು ನೆನಪಾಗಿ ಬಿಟ್ಟೆ. ಇನ್ನೂ ಹತ್ತಿರ ತಂದೆ, ಮೂಗಿಗೆ ತಾಗಿತು. ದೀಪದ ಚುಕ್ಕಿ ಇಲ್ಲ, ಗೀರು ಇಲ್ಲ. ತಲೆ ಎತ್ತಿದರೆ ಎದುರು ಮನೆಯ ಮಹಡಿಯ ಮೇಲೆ ಒಣಹಾಕಿದ ಹಪ್ಪಳ ಒಂದೊಂದಾಗಿ ಕಾಣುತ್ತಿತ್ತು. ಅವರ ಹಪ್ಪಳ ಕಟ್ಟಿಕೊಂಡು ನನಗೇನಾಗಬೇಕು?

ಆಸ್ಪತ್ರೆಗೆ ಹೋಗಿ ಜಗಳ ಮಾಡಿದೆ. ಏನೋ ಕೆಡಿಸಿದ್ದೀರಿ ಎಂದೆ. ಡಾಕ್ಟರು ಅಕ್ಷರದ ಬೋರ್ಡು ಓದಿಸಿದರು. ಕೊನೆಯ ಸಾಲಿನವರೆಗೂ ಓದಿದೆ. ಆಪರೇಶನ್ ಬಹಳ ಚೆನ್ನಾಗಿ ಆಗಿದೆ ಎಂದರು. ಹಾಗಾದರೆ ನನ್ನ ಹತ್ತಿರ ಎಲ್ಲಿ ಎಂದು ಕೇಳಿದೆ.

"ನಿಮಗೆ ಹತ್ತಿರ ಕಾಣ್ತಿದ್ದದ್ದೇ ಆ ಮೈನಸ್ ಇತ್ತು ಅಂತ, ಅಮ್ಮ," ಎಂದರು. "ಅದನ್ನ ತೆಗೀರಿ ಅಂತ ನೀವೇ ಬಂದ್ರಿ. ತೆಗೆದಿದೀವಿ."

ಓದುವುದಕ್ಕೆ ಒಂದು ಕನ್ನಡಕ ಬರೆದುಕೊಟ್ಟರು. ತೆಳ್ಳಗಿತ್ತು, ಹಗುರವಾಗಿತ್ತು, ಊರಿನ ಅರ್ಧ ಹೆಂಗಸರು ಹಾಕಿಕೊಳ್ಳುವಂಥದ್ದು. ಪೂಜೆಗೆ ಅದನ್ನು ಏರಿಸಿಕೊಂಡು ಕೂತೆ. ಲಿಂಗ ಕಂಡಿತು, ಆದರೆ ಮೊಣಕೈ ದೂರದಲ್ಲಿ, ಗಾಜಿನಾಚೆ, ಅಂಗಡಿಯ ಕಿಟಕಿಯಲ್ಲಿಟ್ಟ ವಸ್ತುವಿನಂತೆ. ಗೀರು ಕಾಣಲಿಲ್ಲ. ಗಂಡನಿಗೆ ಹೇಳಿದೆ. ಇರೋ ಮಾಲು ಹೋಯಿತಲ್ಲ ಎಂದು ಒಂದು ಗಳಿಗೆ ಅವರ ಮುಖವೂ ಸಪ್ಪಗಾಯಿತು. ಆಮೇಲೆ, ದೇವರನ್ನು ಕಣ್ಣಿನಿಂದ ನೋಡುವುದಲ್ಲ, ಮನಸ್ಸಿನಿಂದ ನೋಡಬೇಕು ಎಂದರು. ಈ ಮನುಷ್ಯ ವರ್ಷಕ್ಕೊಮ್ಮೆ ಶಿವರಾತ್ರಿಯ ದಿನ ಲಿಂಗ ಎಲ್ಲಿಟ್ಟೆ ಎಂದು ನನ್ನನ್ನೇ ಕೇಳುವವರು.

ಅಷ್ಟರಲ್ಲಿ ಹರಿಹರದಿಂದ ಗಂಡು ಬಂತು. ಸಾರಥಿ ಹಳ್ಳಿಯ ಕಡೆ ಗದ್ದೆ, ಹರಿಹರದಲ್ಲಿ ಸ್ವಂತ ಮನೆ, ಆಚಾರವಂತರು. ಗಂಡಿನ ತಾಯಿ ಬಹಳ ಚುರುಕಿನ ಹೆಂಗಸು, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಲೇ ಇಡೀ ಮನೆಯನ್ನು ಕಣ್ಣಿನಲ್ಲಿ ತೂಗಿದರು. ಹುಡುಗಿ ಹಿಡಿಸಿದಳು. ಈ ವಯಸ್ಸಿಗೂ ನಿಮಗೆ ಕನ್ನಡಕ ಇಲ್ಲವಲ್ಲ ಎಂದು ನನ್ನನ್ನು ನೋಡಿ ಹೇಳಿದರು. ಅಲ್ಲಿಗೆ ಸುಮ್ಮನಿದ್ದರೆ ಸಾಕಿತ್ತು. ಆದರೆ ನನ್ನ ಗಂಡ ಗಿರಾಕಿ ಒಪ್ಪಿದ ಮೇಲೂ ಸೀರೆಯ ಸೆರಗು ಬಿಡಿಸಿ ತೋರಿಸುವ ಜಾತಿ. ನಮ್ಮ ಮನೆಯಲ್ಲಿ ಯಾರಿಗೂ ಕನ್ನಡಕವೇ ಇಲ್ಲ, ಇವಳು ಈಗಲೂ ಬರಿಗಣ್ಣಿನಲ್ಲಿ ಸೂಜಿಗೆ ದಾರ ಪೋಣಿಸುತ್ತಾಳೆ ಎಂದುಬಿಟ್ಟರು. ಊರಿನ ಅರ್ಧ ಹೆಂಗಸರು ಹಾಕಿಕೊಳ್ಳುವ ಆ ತೆಳು ಕನ್ನಡಕವೂ ಆ ಒಂದು ಮಾತಿಗೆ ಕದ್ದ ಮಾಲಾಯಿತು.

ಗಂಡಿನ ಮನೆ ನೋಡಲು ನಾವಿಬ್ಬರೇ ಹರಿಹರಕ್ಕೆ ಹೊರಟೆವು. ಹುಡುಗಿ ಹೋಗುವ ಪದ್ಧತಿ ಇಲ್ಲ. ಬಾಗಿಲಲ್ಲಿ ಮಗಳು ನನ್ನ ವ್ಯಾನಿಟಿ ಬ್ಯಾಗು ತೆರೆದು ಕನ್ನಡಕದ ಡಬ್ಬಿ ತೆಗೆದುಕೊಂಡಳು.

"ಒಂದು ದಿನ, ಅಮ್ಮ. ಇದು ಬ್ಯಾಡ," ಎಂದಳು.

ಹರಿಹರದ ಹೊಳೆಯ ಪಕ್ಕ ಹೋಗುವಾಗ ನೀರಿನ ಆಚೆ ದಡದಲ್ಲಿ ಬಟ್ಟೆ ಒಗೆಯುವವಳ ಬಳೆ ಕೂಡ ಕಂಡಿತು. ನೋಡು, ಎಷ್ಟು ಚೆನ್ನಾಗಿ ಕಾಣುತ್ತದೆ ನಿನಗೆ ಎಂದು ಗಂಡ ಹೆಮ್ಮೆಪಟ್ಟರು. ತಾವೇ ಕಣ್ಣು ಮಾಡಿಕೊಟ್ಟ ಹಾಗೆ.

ಹರಿಹರದ ಮನೆ ಚೊಕ್ಕಟವಾಗಿತ್ತು. ಹುಡುಗ ಮಾತು ಕಡಿಮೆ, ಮುಖದಲ್ಲಿ ಕೇಡಿಲ್ಲ. ನನಗೆ ಒಪ್ಪಿಗೆಯಾಯಿತು. ಆದರೆ ಗಂಡಿನ ತಾಯಿ ಇನ್ನೂ ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ. ಒಪ್ಪಿಗೆಯಾದರೆ ಹಂಚುವ ಸಕ್ಕರೆಯ ಬಟ್ಟಲು ತಟ್ಟೆಯ ಕೆಳಗೆ ಮುಚ್ಚಿಟ್ಟ ಹಾಗೇ ಇತ್ತು. ಅಡುಗೆಯಾದ ಮೇಲೆ, ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಎಲೆ ಹಾಕುವುದಿಲ್ಲ ಎಂದು ದೇವರ ಕೋಣೆಯಲ್ಲಿ ಎರಡು ಮಣೆ ಹಾಕಿದರು. ಒಂದು ಅವರಿಗೆ, ಒಂದು ನನಗೆ. ತಂಬಿಗೆಯಲ್ಲಿ ನೀರು, ವಿಭೂತಿ, ಪತ್ರೆ, ದೀಪ. ಇದು ಪರೀಕ್ಷೆ ಎಂದು ನನಗೆ ಗೊತ್ತಾಯಿತು. ಹುಡುಗಿಯನ್ನು ಅವರು ಆಗಲೇ ನೋಡಿದ್ದರು, ಈಗ ನೋಡುತ್ತಿದ್ದದ್ದು ನಮ್ಮ ಮನೆಯಲ್ಲಿ ಆಚಾರ ಉಂಟೋ ಇಲ್ಲವೋ ಎಂದು.

ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ನೀರು ಹನಿಸಿದ್ದು ಅಂದಾಜಿನ ಮೇಲೆ, ವಿಭೂತಿ ಹಚ್ಚಿದ್ದು ಬೆರಳಿನ ನೆನಪಿನ ಮೇಲೆ. ಪತ್ರೆ ಏರಿಸಿದೆ, ಅದು ಜಾರಿ ಮಡಿಲಿಗೆ ಬಿದ್ದದ್ದು ಆಮೇಲೆ ಗೊತ್ತಾಯಿತು. ಹತ್ತಿರ ತಂದರೆ ಏನೂ ಇಲ್ಲ. ಅದಕ್ಕೆ ಕೈ ದೂರ ಮಾಡುತ್ತ ಹೋದೆ. ತೋಳು ಪೂರ್ತಿ ಚಾಚಿದ ಮೇಲೂ ಅದು ಕಪ್ಪು ಕಲೆಯೇ. ಪಕ್ಕದಲ್ಲಿ ಬೀಗತಿಯಾಗಲಿರುವವರು ತಮ್ಮ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಸುಖವಾಗಿ ನೋಡುತ್ತಿದ್ದರು. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನಕ್ಷತ್ರಗಳೆಲ್ಲ ನನಗೆ ನಿಚ್ಚಳವಾಗಿ ಕಾಣುತ್ತಿದ್ದವು. ಮಗಳು ಈ ಮನೆಗೆ ಬಂದ ಮೇಲೆ ನಾನು ಇಲ್ಲಿಗೆ ಬಂದಾಗಲೆಲ್ಲ ಹೀಗೇ ಕೂರಬೇಕು, ಸಾಯುವ ತನಕ ಎಂದು ಹೊಳೆಯಿತು. ಚಿಕ್ಕಂದಿನಲ್ಲಿ ದೀಕ್ಷೆಯ ದಿನ ಅಯ್ಯನವರು ನನ್ನ ಕೈಗೆ ಕೊಟ್ಟ ಲಿಂಗ ಅದು. ಕಣ್ಣಿಲ್ಲದವಳು ಎಂದು ಎಲ್ಲರೂ ಆಡಿಕೊಳ್ಳುವಾಗಲೂ ನನಗೆ ಕಂಡದ್ದು ಅದೊಂದು. ಕಣ್ಣು ಬಂದ ಮೇಲೆ ಅದೇ ಹೋಯಿತು. ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಮುಖದ ತುಂಬ ಹರಿದು ವಿಭೂತಿ ಕೆಸರಾಯಿತು.

ನಾನು ಲಿಂಗವನ್ನು ಕರಡಿಗೆಗೆ ಸೇರಿಸುವ ತನಕ ಆ ಹೆಂಗಸು ಅಲುಗಾಡಲಿಲ್ಲ. ಆಮೇಲೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣೂ ತುಂಬಿತ್ತು.

"ನನ್ನ ಮನಸ್ನಾಗೆ ಒಂದು ಅನುಮಾನ ಇತ್ತು, ಬೀಗ್ತೇರೆ," ಎಂದರು. "ಅಂಗಡಿ ಮಂದಿ, ಲಿಂಗನ ಪೆಟ್ಟಿಗ್ಯಾಗೆ ಇಟ್ಟು ಮರ್ತಿರ್ತಾರೆ ಅಂತ. ಈಗ ಹೋತು. ಇಂಥ ತಾಯಿ ಮಗಳು ನಮ್ಮನಿಗೆ ಬೇಕು."

ನಾನು ಬಾಯಿ ತೆರೆದೆ. ಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು, ಮುಖ ನಿಚ್ಚಳವಾಗಿ ಕಾಣುತ್ತಿತ್ತು, ಹುಬ್ಬು ಮೇಲೇರಿತ್ತು. ಬಾಯಿ ಮುಚ್ಚಿದೆ. ತಟ್ಟೆಯ ಕೆಳಗಿನ ಸಕ್ಕರೆ ಹೊರಗೆ ಬಂತು. ನನ್ನ ಉಡಿ ತುಂಬಿದರು. ಗೋಧಿ ಹುಗ್ಗಿಯ ಮೇಲೆ ತುಪ್ಪ ಸುರಿದರು. ಅಡುಗೆಮನೆಯಿಂದ ಹಿಡಿದು ಪಕ್ಕದ ಮನೆಯವರೆಗೂ ನನ್ನ ಭಕ್ತಿಯ ಸುದ್ದಿ ಹೋಯಿತು, ಇಬ್ಬರು ಹೆಂಗಸರು ಬಂದು ನನ್ನ ಕಾಲು ಮುಟ್ಟಿದರು. ಮುಟ್ಟಬೇಡಿ ಎಂದೆ. ಅದನ್ನೂ ವಿನಯ ಎಂದುಕೊಂಡರು.

ಬರುವಾಗ ಕಾರಿನಲ್ಲಿ ಗಂಡ ಅಂಗಡಿಯ ಹಾಡು ಗುನುಗುತ್ತಿದ್ದರು. ಹಬ್ಬದ ವ್ಯಾಪಾರ ಚೆನ್ನಾಗಿ ಆದ ದಿನ ಮಾತ್ರ ಗುನುಗುವಂಥದ್ದು. ಲಿಂಗ ನನಗೆ ಕಾಣಲಿಲ್ಲ, ಅದಕ್ಕೆ ಅಳು ಬಂತು ಎಂದೆ. ಗೊತ್ತು ಎಂದರು. ಅಲ್ಲಿ ಹೇಳಲಿಲ್ಲವಲ್ಲ, ನಿನಗೂ ಬುದ್ಧಿ ಬಂತು ಎಂದು ತೊಡೆ ತಟ್ಟಿದರು. ನಾನು ಕಿಟಕಿಯಾಚೆ ನೋಡಿದೆ. ದಾರಿಯುದ್ದಕ್ಕೂ ಎಲ್ಲ ಬೋರ್ಡುಗಳನ್ನೂ ಓದಿದೆ, ಬೇರೆ ಮಾಡಲು ಏನೂ ಇರಲಿಲ್ಲ.

ಮಗಳು ಗೇಟಿನಲ್ಲೇ ಕಾದಿದ್ದಳು. ಅಪ್ಪ ಹರಿಹರದಿಂದಲೇ ಫೋನಿನಲ್ಲಿ ಎಲ್ಲ ಹೇಳಿದ್ದರು. ನಾನು ಇಳಿಯುತ್ತಿದ್ದ ಹಾಗೇ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಅವಳು ಹಾಗೆ ತಬ್ಬಿಕೊಂಡು ವರ್ಷಗಳಾಗಿದ್ದವು. ಮುಖವನ್ನು ನನ್ನ ಮುಖಕ್ಕೆ ಹಚ್ಚಿದಳು, ಮಂಜಿನ ಹೊರತು ನನಗೆ ಏನೂ ಕಾಣಲಿಲ್ಲ. ಅವಳ ಭುಜಗಳು ಅಲುಗುತ್ತಿದ್ದವು. ಕೂಸು ಅಳುತ್ತಿದೆ, ನನ್ನ ಸಂಕಟ ಅವಳಿಗಾದರೂ ತಿಳಿಯಿತು ಎಂದುಕೊಂಡೆ. ಬೆನ್ನು ಸವರಿದೆ. ನನ್ನ ಸಿಟ್ಟೆಲ್ಲ ಅಲ್ಲೇ ಕರಗಿತು, ಕಣ್ಣು ಹೋದರೆ ಹೋಗಲಿ ಎನಿಸಿತು.

"ಸಾಕು ಬಿಡವ್ವ," ಎಂದೆ. "ಏನೂ ಆಗಿಲ್ಲ."

"ಮದುವೆ ದಿನಾನೂ ಹಂಗೇ ಅಳಮ್ಮ," ಎಂದಳು ಕಿವಿಯಲ್ಲಿ. "ವಿಡಿಯೋದವ್ರಿಗೆ ಹೇಳಿರ್ತೀನಿ."

ಎರಡೂ ಭುಜ ಹಿಡಿದು ಅವಳನ್ನು ಹಿಂದಕ್ಕೆ ಸರಿಸಿದೆ. ಇನ್ನೂ ಒಂದು ಹೆಜ್ಜೆ ಸರಿಸಿದೆ, ಮುಖ ಕಾಣುವಷ್ಟು ದೂರಕ್ಕೆ. ನಗುತ್ತಿದ್ದಳು.